ಕೇಬಲ್ಲಿನಲ್ಲಿ ಕಂಡ ಚಿಕ್ಕಮ್ಮನ ಕೈ

ರೊಟ್ಟಿ ಬಡಿಯುವ ಸದ್ದಿನ ನಡುವೆ ಗಾಜಿನ ಬಳೆ ಕಿಣಿಗುಟ್ಟಿದರೆ ಸಾಕು, ಎಲ್ಲಿದ್ದರೂ ನಾನು ಕೊಟ್ಟೂರಿನ ನಮ್ಮ ಹಳೆಯ ಮನೆಯ ಪಡಸಾಲೆಗೆ ಮರಳುತ್ತೇನೆ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಕೇಬಲ್ಲಿನವನು ಸಂಜೆಯ ಸಿನಿಮಾದ ನಡುವೆ ಊರ ಅಂಗಡಿಗಳ ಜಾಹೀರಾತು ಬಿಡುತ್ತಿದ್ದ. ಬಳೆ ಅಂಗಡಿಯ ಜಾಹೀರಾತಿಗೆ ಅವನು ಆರಿಸಿದ್ದು ನಮ್ಮ ಚಿಕ್ಕಮ್ಮನ ಕೈ. ಮುಖವಿಲ್ಲ, ಹೆಸರಿಲ್ಲ, ಕೈತುಂಬ ಹಸಿರು ಬಳೆ, ಮುಂಗೈಯಲ್ಲಿ ರೊಟ್ಟಿಯ ಹಂಚು ತಾಗಿ ಸುಟ್ಟ ಸಣ್ಣ ಕಲೆ. ಆ ಕಲೆ ಕಂಡೊಡನೆ, ನಮ್ಮ ಟೀವಿಯೆದುರು ಮಂಡಕ್ಕಿಯ ಪರಾತದ ಸುತ್ತ ಕುಳಿತ ಓಣಿಯ ಮಂದಿಯೆಲ್ಲ ಹೋ ಎನ್ನುತ್ತಿದ್ದರು. "ನನ್ನ ಸೊಸಿ ಮಾರಿಗೆ ಏನಾಗಿತ್ಲೇ, ಬರೇ ಕೈ ತೋರ್ಸೀದಿ?" ಎಂದು ಅಜ್ಜಿ ಕೇಬಲ್ಲಿನವನನ್ನು ಗದರಿದರೆ, ಚಿಕ್ಕಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡು, "ಮಾರಿಗೆ ಬ್ಯಾರೆ ರೇಟ್ ಐತಂತ್ರಿ ಅತ್ತಿ" ಎನ್ನುತ್ತಿದ್ದಳು.

ಹರಪನಹಳ್ಳಿ ರಸ್ತೆಯ ಅಪಘಾತದಲ್ಲಿ ಚಿಕ್ಕಪ್ಪ ತೀರಿಕೊಂಡ ವಾರದೊಳಗೆ ಆ ಜಾಹೀರಾತು ನಿಂತಿತು. "ಮಂದಿ ಮಾತಾಡ್ತಾರ್ರಿ, ಮುತ್ತೈದಿ ಕೈ ಬೇಕಾಕೈತಿ" ಎಂದರು ಅಂಗಡಿಯವರು. ಕೈ ಅದೇ, ಕಲೆ ಅದೇ. ಅದು ಅಮಂಗಳವೆಂದು ತೀರ್ಪಿತ್ತವರು ಯಾರು? ಅಂಗಡಿಯವರಷ್ಟೇ ಅಲ್ಲ, ಅಂದು ಹೋ ಎಂದು ಇಂದು ಸುಮ್ಮನಾದ ಓಣಿಯೂ ಇದಕ್ಕೆ ಉತ್ತರಿಸಬೇಕು. ಉತ್ತರ ಬರುವವರೆಗೂ ನಾನು ಕೇಳುತ್ತೇನೆ. ಅಜ್ಜಿ ಮಾತ್ರ ಕೇಳುತ್ತ ಕೂರಲಿಲ್ಲ. ತಿಂಗಳು ಕಳೆದ ಮೇಲೆ, ಮಗನನ್ನು ಕಳೆದುಕೊಂಡ ಆ ಮುದುಕಿ ಚಿಕ್ಕಮ್ಮನನ್ನು ಅದೇ ಅಂಗಡಿಗೆ ಕರೆದೊಯ್ದು ಕೂರಿಸಿದಳು. "ತೊಡ್ಸಪ್ಪ. ಟೀವ್ಯಾಗ ಬ್ಯಾಡಾದ್ರ ಬಿಡು. ನನ್ನ ಮನ್ಯಾಗ ಈ ಸಪ್ಪಳ ನಿಂದರಬಾರ್ದು." ಅಂಗಡಿಯವರು ತಲೆಯೆತ್ತದೆ ತೊಡಿಸಿದರು. ಮರುದಿನ ಬೆಳಗ್ಗೆ ಅಡುಗೆಮನೆಯಿಂದ ಆ ಸದ್ದು ಕೇಳಿ ನಾನು ಎಚ್ಚರಗೊಂಡೆ. ಬಿಸಿ ಜೋಳದ ಹಿಟ್ಟಿನ ವಾಸನೆ ಪಡಸಾಲೆಯನ್ನೆಲ್ಲ ತುಂಬಿತ್ತು.

ಈಗ ಅಜ್ಜಿಯಿಲ್ಲ, ಚಿಕ್ಕಮ್ಮನಿಲ್ಲ; ಮನೆಯಿದ್ದಲ್ಲಿ ಮೊಬೈಲ್ ಅಂಗಡಿಯಿದೆ. ಚಿಕ್ಕಮ್ಮನ ಕೈ ಆಡುವುದನ್ನು ಹಿಡಿದಿಟ್ಟ ಚಿತ್ರ ಆ ಜಾಹೀರಾತೊಂದೇ. ಅದರ ಕ್ಯಾಸೆಟ್ಟಿಗಾಗಿ ಕೇಬಲ್ಲಿನವನನ್ನು ಹುಡುಕಿಕೊಂಡು ಹೋದೆ. ಮುದುಕನಾಗಿದ್ದ ಆತ ತಡವರಿಸುತ್ತ, "ಅದರ ಮ್ಯಾಲ ಯಾರದೋ ಮದುವಿ ವಿಡಿಯೋ ತೆಗದ್ನೆವ್ವ. ಆವಾಗ ಕ್ಯಾಸೆಟ್ ಭಾಳ ತುಟ್ಟಿ" ಎಂದ. ಸಿಟ್ಟು ಬಂತು; ಆಮೇಲೆ, ಏಕೋ, ನಗು. ಮುತ್ತೈದೆಯ ಕೈಯಲ್ಲವೆಂದು ತೆಗೆದುಹಾಕಿದ ಕೈ ಯಾರದೋ ಮದುವೆಯ ಸಡಗರದ ಅಡಿಯಲ್ಲಿ ಮಲಗಿದೆ. ನೀವೂ ಅಂಥದೊಂದು ಮನೆಯನ್ನು ಕಳೆದುಕೊಂಡವರಾದರೆ ನನ್ನ ನೆಮ್ಮದಿ ನಿಮಗೆ ಅರ್ಥವಾದೀತು: ಚಿತ್ರವನ್ನು ಅವರು ಅಳಿಸಿದರು, ಸದ್ದನ್ನು ಅಳಿಸಲು ಅಜ್ಜಿ ಬಿಡಲಿಲ್ಲ. ಚಿಕ್ಕಮ್ಮ ಬಡಿದ ಕೊನೆಯ ರೊಟ್ಟಿಯವರೆಗೂ ಆ ಕೈಯಲ್ಲಿ ಹಸಿರು ಬಳೆಯಿತ್ತು.