ತಳದ ಹರಳು

ಜೇನಿನಂತೆ ಹರಿಯುವ ಜೋನಿ ಬೆಲ್ಲದ ಡಬ್ಬಿಯ ತಳ ಕಾಣುವಾಗ ಚಮಚ ಕರಕರ ಎನ್ನುತ್ತದೆ. ಇವತ್ತು ಬೆಳಿಗ್ಗೆ ಆ ಸದ್ದಾಯಿತು ನೋಡಿ, ಒಂಬತ್ತನೇ ಕ್ಲಾಸಿನ ಮಗಳು ದೋಸೆ ಬಿಟ್ಟು ಎದ್ದು ಬಂದಳು. "ಅಪ್ಪಾ, ಇದಕ್ಕೆ ಯಾರೋ ಸಕ್ರೆ ಹಾಕಿದ್ದ!" ಅನುಮಾನ ನಮ್ಮ ಮನೆಯ ಪಿತ್ರಾರ್ಜಿತ ಆಸ್ತಿ.

ಅದರ ಮೂಲ ಒಡತಿ ನನ್ನ ಅಮ್ಮ, ನಮ್ಮ ಬಾಯಲ್ಲಿ ಆಯಿ. ನಮ್ಮದೇ ಬಳ್ಳಿಯ ಕಾಳುಮೆಣಸನ್ನೂ ನೀರಿಗೆ ಹಾಕಿ ಪರೀಕ್ಷೆ ಮಾಡುವವಳು. ನಾನೂ ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಸಿದ್ದಾಪುರದ ಕಡೆಯಿಂದ ಅವಳ ಅಣ್ಣ, ಅಂದರೆ ನನ್ನ ಮಾವ, ಕಳಿಸಿದ ಡಬ್ಬಿಯಲ್ಲೂ ಹೀಗೇ ಹರಳು ಸಿಕ್ಕಿತು. "ಅಣ್ಣಯ್ಯ ಸಕ್ರೆ ಹಾಕಿದ್ದ. ತಂಗಿಗೂ ಕಲಬೆರಕೆ!" ಎಂದವಳು ಆ ಸಲ ಹಬ್ಬಕ್ಕೆ ತವರಿಗೇ ಹೋಗಲಿಲ್ಲ. ನನಗೋ ಮಾವನೆಂದರೆ ಪ್ರಾಣ. ತುಂಬ ಸಂಕಟವಾಯಿತು.

ಅದೇ ಹೊತ್ತಿಗೆ ಶಾಲೆಯಲ್ಲಿ ಶುದ್ಧ ವಸ್ತು, ಮಿಶ್ರಣಗಳ ಪಾಠ. ಹರಳನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ, ಹಾವೇರಿ ಕಡೆಯವರಾದ ವಿಜ್ಞಾನದ ಮಾಸ್ತರ ಮುಂದಿಟ್ಟೆ. ಅವರು ನಕ್ಕರು. "ಜೋನಿ ಬೆಲ್ಲ ಅನ್ನೂದ ಮಿಶ್ರಣ. ಕಬ್ಬಿನಾಗಿನ ಸಕ್ಕರಿನ ಹಿಂಗ ಹರಳಾಗಿ ತಳಕ್ಕ ಕೂಡ್ತದ, ಯಾರೂ ಹಾಕಬೇಕಾಗಿಲ್ಲ. ತೊಳದ್ರ ಡಬ್ಬಿಯೊಳಗ ಶುದ್ಧ ವಸ್ತು ಅಂದ್ರ ಅದೊಂದ." ಓಡಿಬಂದು ಆಯಿಗೆ ಹೇಳಿದೆ. ಅವಳು, "ಆ ಮಾಸ್ತರಿಗೂ ನಿನ್ನ ಮಾವ ಒಂದು ಡಬ್ಬಿ ಕೊಟ್ಟಿಕ್ಕು, ಅದ್ಕೇ ಹಂಗೆ ಹೇಳ್ತ" ಎಂದಳು.

ಮುಂದಿನ ಆಲೆಮನೆಗೆ ಆಯಿಯೇ ಹೊರಟಳು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯ ಪಕ್ಕ ಪೊಲೀಸಿನವಳಂತೆ ಕೂತಳು. ಊಟದ ಹೊತ್ತಿಗೆ ಮಾವ ಬಾಳೆಲೆಯನ್ನು ಅಲ್ಲಿಗೇ ತಂದು ಹಾಕಿ, "ಇಲ್ಲೇ ಉಣ್ಣು ತಂಗಿ" ಎಂದ. ಡಬ್ಬಿ ತುಂಬಿ ಮುಚ್ಚಿದ್ದೂ ಅವಳ ಕೈಯೇ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಳು.

ತಿಂಗಳುಗಳು ಕಳೆದ ಮೇಲೆ ಅದರ ತಳವೂ ಕರಕರ ಎಂದಿತು. "ಆನು ಉಂಬಲೆ ಹೋದಾಗ..." ಎಂದು ಶುರುಮಾಡಿದ ಆಯಿ ಅರ್ಧಕ್ಕೇ ನಿಲ್ಲಿಸಿದಳು. ಉಣ್ಣಲಿಕ್ಕೆ ಅವಳು ಎಲ್ಲಿಗೂ ಹೋಗಿರಲಿಲ್ಲವಲ್ಲ. ಚಮಚ ಹಿಡಿದುಕೊಂಡೇ ಕುಕ್ಕರಿಸಿದಳು. "ಹಂಗರೆ ಆನು ಎಂತಕ್ಕೆ ಅಲ್ಲಿ ಕೂತಿದ್ದೆ ಹೇಳಿ ಅವಂಗೆ ಎಲ್ಲಾ ಗೊತ್ತಿತ್ತು." ಮರುದಿನ ಮೊದಲ ಬಸ್ಸಿಗೇ ತವರಿಗೆ ಹೋದಳು. ಅಲ್ಲಿ ಏನು ಮಾತಾಯಿತೆಂದು ಇವತ್ತಿಗೂ ಹೇಳಿಲ್ಲ.

ಈಗ ಮಾವ ಇಲ್ಲ. ಡಬ್ಬಿ ಕಳಿಸುವುದು ಅವನ ಮಗ. ಮಗಳಿಗೆ ಮಾಸ್ತರ ಪಾಠ ಒಪ್ಪಿಸಲು ನಾನು ಬಾಯಿ ತೆಗೆಯುವಷ್ಟರಲ್ಲಿ ಆಯಿ ಒಳಗಿಂದ ಬಂದಳು. "ಆ ಮನೆ ಬೆಲ್ಲಕ್ಕೆ ಎಂತದೂ ಹೇಳಡ. ಆನು ಕೊಪ್ಪರಿಗೆ ಬುಡದಲ್ಲೇ ಕೂತು ಉಂಡಿದ್ದೆ."

ಆಮೇಲೆ ಹರಳನ್ನೆಲ್ಲ ಅಂಗೈಗೆ ಹಾಕಿಸಿಕೊಂಡಳು. ತಿಂದು ಮುಗಿಸುವವರೆಗೂ, ಎಲ್ಲಿ ಪಾಲು ಕೇಳುತ್ತೇವೋ ಎಂದು ನಮ್ಮಿಬ್ಬರನ್ನೇ ಅನುಮಾನದಿಂದ ನೋಡುತ್ತಿದ್ದಳು.