ಎತ್ತದ ಕೈ

ಇಪ್ಪತ್ತು ವರ್ಷ ಹೊಲಿಗೆ ಯಂತ್ರ ತುಳಿದು, ಮಗಳ ಓದು ಮುಗಿದ ಮೇಲೆ ತಾನೇ ಮನಃಶಾಸ್ತ್ರದ ಪದವಿಗೆ ಸೇರಿದವಳು ಆಕೆ. ಮಗಳಿಗಿಂತ ಚಿಕ್ಕ ಸಹಪಾಠಿಗಳು ಅವಳನ್ನು 'ಅಕ್ಕ' ಎನ್ನುತ್ತಿದ್ದರು. ನೆನಪು, ಮರೆವಿನ ಬಗ್ಗೆ ಮೇಷ್ಟ್ರು ಏನು ಕೇಳಿದರೂ ಅಕ್ಕ ಅರಳು ಹುರಿದಂತೆ ಉತ್ತರ ಹೇಳುತ್ತಿದ್ದಳು. ಆ ಹೆಮ್ಮೆಯೇ ಮುಳುವಾಯಿತು.

"ಕಂಪ್ಯೂಟರ್ ಬಾರದವರು ಕೈ ಎತ್ತಿ" ಎಂದು ಮೊದಲ ದಿನವೇ ಮೇಷ್ಟ್ರು ಕೇಳಿದ್ದರು. ಇಬ್ಬರು ಹುಡುಗರು ಎತ್ತಿದರು. ಅವರಿಗೆ ಸಂಜೆ ಬೇರೆ ಪಾಠ ಏರ್ಪಾಡಾಯಿತು. ಅಕ್ಕನ ಕೈ ಮೇಲೇಳಲಿಲ್ಲ. ಅಂದಿನಿಂದ ಪ್ರಯೋಗಾಲಯದಲ್ಲಿ, "ಕನ್ನಡಕ ಮರ್ತು ಬಂದೆ ಕಣೇ, ನೀನೇ ಒತ್ತು" ಎನ್ನುತ್ತ ಜೊತೆಗಾತಿಯ ಬೆನ್ನಿಗೆ ಬಿದ್ದು ದಿನ ತಳ್ಳಿದಳು.

ಒಂದು ಮಧ್ಯಾಹ್ನ ಜೊತೆಗಾತಿ ಫೋನೆತ್ತಿಕೊಂಡು ಹೊರಗೆ ಹೋದಳು. ಬಣ್ಣ ಗುರುತಿಸುವ ಪರೀಕ್ಷೆಗೆ ಕೂತಿದ್ದ ಕಿರಿಯ ವಿದ್ಯಾರ್ಥಿ, "ಮುಗೀತು, ಮುಂದೇನು?" ಎಂದ. ಪರದೆಯ ಮೇಲೆ ಏನೋ ಪ್ರಶ್ನೆ ಮೂಡಿತ್ತು. ಅಕ್ಕ ಬಲ್ಲವಳಂತೆ ಮುಖ ಮಾಡಿ ಒಂದು ಗುಂಡಿ ಒತ್ತಿದಳು. ಪರದೆ ಬೋಳಾಯಿತು. ಗುಂಪಿನವರು ವಾರಗಟ್ಟಲೆ ಕಲೆಹಾಕಿದ ಉತ್ತರಗಳೆಲ್ಲ ಅಳಿಸಿಹೋಗಿ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

"ನಾನೇನೂ ಮಾಡ್ಲಿಲ್ಲ ಸರ್, ಅದೇ ಆಫ್ ಆಗೋಯ್ತು" ಎಂದು ಓಡಿಬಂದ ಮೇಷ್ಟ್ರಿಗೆ ಹೇಳಿಬಿಟ್ಟಳು.

ಮೇಷ್ಟ್ರು ಯಂತ್ರಗಳನ್ನು ನೋಡಿಕೊಳ್ಳುವವನನ್ನು ಕರೆಸಿದರು. "ಸಾವಿರ ಸಲ ಹೇಳಿದೀನಿ! ಕೂತು ಆಕಳಿಸೋಕಾ ನೀನಿರೋದು?" ಎಂದು ಎಲ್ಲರೆದುರು ಗದರಿದರು. ಮಕ್ಕಳೊಂದಿಗನಾದ ಆ ಮನುಷ್ಯ ಮೊಣಕಾಲೂರಿ, ಮೇಜಿನಡಿಯ ತಂತಿಗಳನ್ನು ಎಳೆದೆಳೆದು ನೋಡತೊಡಗಿದ. ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನೆಲವೂ ಬಾಯಿಬಿಡಲಿಲ್ಲ, ಅವಳೂ ಬಿಡಲಿಲ್ಲ.

ರಾತ್ರಿ ಮನೆಯಲ್ಲಿ ಮಗಳೆದುರು ಎಲ್ಲ ಹೇಳಿಕೊಂಡಳು. ವಿಷಯ ಕೇಳಿ ಮಗಳು, "ನಾನೇ ಕಲಿಸ್ತಿದ್ನಲ್ಲಮ್ಮ, ಕೇಳೋಕೇನಾಗಿತ್ತು?" ಎಂದಳು.

"ನಿನ್ನ ಕೇಳೋಕೇ ನಾಚಿಕೆ ಕಣೇ."

ಮರುದಿನ ಬೆಳಿಗ್ಗೆ ಮೇಷ್ಟ್ರ ಕೋಣೆಯಲ್ಲಿ ಎಲ್ಲ ಹೇಳಿದಳು. ಅವರು ಪೆಚ್ಚಾದರು. ಇಬ್ಬರೂ ಪ್ರಯೋಗಾಲಯಕ್ಕೆ ಹೋದಾಗ ಯಂತ್ರ ನೋಡಿಕೊಳ್ಳುವವನು ಪರದೆ ಒರೆಸುತ್ತಿದ್ದ. ಇಬ್ಬರ ಕ್ಷಮೆಯ ಮಾತನ್ನೂ ಕೇಳಿಸಿಕೊಂಡು, ಬಟ್ಟೆ ಮಡಿಸುತ್ತ ಹೇಳಿದ: "ಬೈಯೋವಾಗ ಎಲ್ರೂ ಇದ್ರು ಸರ್. ಈಗ ನೋಡಿದ್ರೆ ಯಾರೂ ಇಲ್ಲ."

ಅಂದೇ ತರಗತಿಯಲ್ಲಿ, ಅವನನ್ನು ಬಾಗಿಲ ಬಳಿ ನಿಲ್ಲಿಸಿಕೊಂಡು, ಅಕ್ಕ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಒಪ್ಪಿಕೊಂಡಳು. ಮೇಷ್ಟ್ರೂ ಕ್ಷಮೆ ಕೇಳಿದರು. ಅವನು "ಆಯ್ತು ಬಿಡಿ" ಎಂದು ಹೊರಟುಹೋದ. ಪ್ರಯೋಗವನ್ನು ಮೊದಲಿಂದ ಮಾಡಬೇಕಾಯಿತು. ಜೊತೆಗಾತಿ ಬಹಳ ದಿನ ಮುಖ ಊದಿಸಿಕೊಂಡೇ ಇದ್ದಳು. ಅಕ್ಕ ಸಂಜೆಯ ಪಾಠಕ್ಕೆ ಸೇರಿ, ತಡವರಿಸುತ್ತಲೇ ಕಲಿತು, ಪದವಿಯನ್ನೂ ಪಡೆದಳು. ಆದರೆ ಓದು ಮುಗಿಯುವವರೆಗೂ ಆ ಮನುಷ್ಯ ಕಾರಿಡಾರಿನಲ್ಲಿ ಎದುರಾದರೆ ಸಾಕು, ಅವಳ ಮುಖ ಕಿವಿಯವರೆಗೂ ಬಿಸಿಯೇರುತ್ತಿತ್ತು.