ಅತ್ತೆಯ ಕಾರ್ಡಿನಲ್ಲಿ ಮಗಳ ಹೆಸರು

ಬೆಳಿಗ್ಗೆ ಏಳೂವರೆಗೆ ಕೆ.ಆರ್. ಪುರದಲ್ಲಿ ಶಿವಾಜಿನಗರದ ಬಸ್ಸು ಹತ್ತಿದೆ. ತೀರ್ಪು ಬಂದು ಇಪ್ಪತ್ತೆಂಟು ದಿನವಾಗಿತ್ತು. ಮೇಲ್ಮನವಿಗೆ ಇದ್ದದ್ದು ಮೂವತ್ತೇ ದಿನ. ಆರು ವರ್ಷದ ನನ್ನ ಮಗಳು ಸುಮಾಳನ್ನು ಕುಟುಂಬ ನ್ಯಾಯಾಲಯ ಅವಳ ಅಪ್ಪನಿಗೆ ಕೊಟ್ಟಿತ್ತು. ಅವನೋ ಅದೇ ವಾರ ಅವಳನ್ನು ಸಿಂಧನೂರು ಕಡೆಯ ಹಳ್ಳಿಗೆ ಒಯ್ದು ತನ್ನ ತಾಯಿಯ ಹತ್ತಿರ ಬಿಟ್ಟು, ಬಾಣಸವಾಡಿಯ ಕೆಲಸಕ್ಕೆ ಮರಳಿದ್ದ. ಭಂಡ.

ಆಧಾರ್ ನೋಡಿ ನಿರ್ವಾಹಕ ಶೂನ್ಯ ದರದ ಟಿಕೆಟ್ ಕೊಟ್ಟ. ಮೋಡ ಮುಚ್ಚಿ ವಿಪರೀತ ಸೆಕೆ. ಟಿನ್ ಫ್ಯಾಕ್ಟರಿ ದಾಟಲು ಅರ್ಧ ಗಂಟೆ ಹಿಡಿಯಿತು. ಇಂದಿರಾನಗರದವರೆಗೂ ನಿಂತೇ ಬಂದೆ. ದೊಡ್ಡನೆಕ್ಕುಂದಿಯ ಆಫೀಸೊಂದರಲ್ಲಿ ನೆಲ ಒರೆಸುವ ಕೆಲಸ ನನ್ನದು. ಅರ್ಧ ದಿನದ ರಜೆ ಮಾತ್ರ ಸಿಕ್ಕಿತ್ತು.

ತಪ್ಪು ನನ್ನದೇ. ನಮ್ಮ ಕಡೆಯಿಂದ ದುಡಿಯಲು ಬಂದವರು ಊರಿನ ರೇಷನ್ ಕಾರ್ಡಿನಿಂದ ಹೆಸರು ತೆಗೆಸುವುದಿಲ್ಲ, ಊರಲ್ಲಿದ್ದವರಾದರೂ ಆ ಅಕ್ಕಿ ಉಣ್ಣಲಿ ಎಂದು. ಸುಮಾ ಹುಟ್ಟಿ ಬೆಳೆದದ್ದು ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ. ಹೆಸರನ್ನು ಮಾತ್ರ ನಾನೇ ಹೋಗಿ ಅತ್ತೆಯ ಕಾರ್ಡಿಗೆ ಸೇರಿಸಿದ್ದೆ. ಗಂಡನ ವಕೀಲರು ಅದನ್ನೇ ತೋರಿಸಿ, ಮಗು ಮೊದಲಿನಿಂದಲೂ ಅಜ್ಜಿಯ ಬಳಿಯೇ ಇದೆ ಅಂದರು. ಹೆದರಿ, ಆ ಕಾರ್ಡೇ ನನಗೆ ಗೊತ್ತಿಲ್ಲ ಅಂದುಬಿಟ್ಟೆ. ಹೆಸರು ಸೇರಿಸಲು ಕೊಟ್ಟ ಅರ್ಜಿಯಲ್ಲಿ ನನ್ನದೇ ಸಹಿ ಇರುವುದನ್ನು ಅವರು ತೋರಿಸಿದರು. ಅಲ್ಲಿಂದಾಚೆ ನನ್ನ ಯಾವ ಮಾತನ್ನೂ ಯಾರೂ ನಂಬಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಐದು ಕೆ.ಜಿ. ಅಕ್ಕಿಗೆ ನನ್ನ ಮಗಳೇ ಹೋದಳು.

ಹದಿಮೂರು ಕಿಲೋಮೀಟರಿಗೆ ಒಂದೂವರೆ ಗಂಟೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಟೀ ಕುಡಿದು, ಒಂದು ಬನ್ ತಿಂದು ಹೊಸ ವಕೀಲೆಯ ಆಫೀಸಿನ ಮೆಟ್ಟಿಲು ಹತ್ತಿದೆ. ಅವರು ತೀರ್ಪನ್ನೂ, ಸುಮಾ ಕೆ.ಆರ್. ಪುರದಲ್ಲೇ ಬೆಳೆದಳೆಂದು ಅಂಗನವಾಡಿ ಟೀಚರ್ ಬರೆದುಕೊಟ್ಟ ಪತ್ರವನ್ನೂ ಓದಿ ಕನ್ನಡಕ ತೆಗೆದಿಟ್ಟರು.

"ಕೆಳಗಿನ ಕೋರ್ಟಲ್ಲಿ ಸುಳ್ಳು ಹೇಳ್ದೆ ಅಂತ ಒಪ್ಕೊಳ್ಳಿ. ಹೆಸರು ಅತ್ತೆ ಕಾರ್ಡಲ್ಲಿತ್ತು, ಮಗು ನನ್ ಹತ್ರಾನೇ ಇತ್ತು, ಆ ಅಕ್ಕಿ ಅದು ಉಂಡೇ ಇಲ್ಲ ಅಂತ ಬರೀತೀನಿ. ಸೈನ್ ಹಾಕ್ತೀರಾ?"

ಗೆಲ್ಲುತ್ತೇವಾ ಎಂದು ಕೇಳಿದೆ. "ಭರವಸೆ ಕೊಡಲ್ಲಮ್ಮ" ಅಂದರು. ನಾಳೆಯೇ ಹೈಕೋರ್ಟಿಗೆ ಹಾಕುವುದಾಗಿ ಹೇಳಿದರು. ಅವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ. ಪೆನ್ನು ಸೋರಿ ಬೆರಳಿಗೆ ಶಾಯಿ ಹತ್ತಿತು.

ವಾಪಸು ಬರುವಾಗ ಹಲಸೂರು ಕೆರೆಯ ಹತ್ತಿರ ಸಿಗ್ನಲ್ಲಿನಲ್ಲಿ ಫೋನು ಬಂತು. ಊರಿನಿಂದ, ಪಕ್ಕದ ಮನೆಯವರ ಫೋನಿನಲ್ಲಿ ಸುಮಾ. ತೀರ್ಪಿನ ಬಳಿಕ ಅವಳ ದನಿ ಕೇಳಿದ್ದು ಎರಡೇ ಸಲ. ಏನು ಮಾಡುತ್ತಿದ್ದೀ ಅಂದೆ.

"ಅವ್ವಾ, ಅಜ್ಜಿ ಕೂಡ ರೇಷನ್ ಅಂಗಡಿಗೆ ಹೋಗಿ ಹೆಬ್ಬಟ್ಟು ಒತ್ತಿ ಬಂದೆ. ಈಗ ನನ್ನ ಅಕ್ಕಿ ನಾನೇ ಉಣ್ತೀನಿ."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಆ ಅಕ್ಕಿ ಅವಳು ಉಂಡೇ ಇಲ್ಲ ಎಂದು ಹಾಕಿದ ಸಹಿಯ ಶಾಯಿ ಇನ್ನೂ ಬೆರಳಿಗಂಟಿತ್ತು. ಬಸ್ಸು ಹೊರಟಿತು.

"ಹೊಟ್ಟೆ ತುಂಬ ಉಣ್ಣವ್ವ" ಅಂದೆ.